ಹೊರದೇಶದ ಪೇಟೆಗೆ ಮೆಣಸಿನ ಪುಡಿ: ಗುಣಮಟ್ಟದ ಹೊಣೆ ಕಣದಲ್ಲೇ

ಸಾಂಬಾರ ಪದಾರ್ಥಗಳ ಉತ್ಪಾದನೆ, ಬಳಕೆ ಮತ್ತು ರಫ್ತು ಈ ಮೂರರಲ್ಲಿಯೂ ನಮ್ಮ ದೇಶಕ್ಕೆ ಪ್ರಪಂಚದಲ್ಲಿ ಮೊದಲ ಸ್ಥಾನವಿದೆ. ಹೊರದೇಶಗಳಿಗೆ ಹೋಗುವ ಸಾಂಬಾರ ಪದಾರ್ಥಗಳ ಪೈಕಿ ಇತ್ತೀಚಿನ ವರ್ಷಗಳಲ್ಲಿ ಒಣಮೆಣಸಿನಕಾಯಿಯದೇ ಮೇಲುಗೈ. ಹಾವೇರಿ, ಧಾರವಾಡ, ಗದಗ, ಕೊಪ್ಪಳ, ಬಳ್ಳಾರಿ ಮತ್ತು ರಾಯಚೂರು ಜಿಲ್ಲೆಗಳ ರೈತರು ಬೆಳೆದ ಕಾಯಿ ಬ್ಯಾಡಗಿ ಪೇಟೆಯ ಮೂಲಕ ದೂರದೂರದ ದೇಶಗಳನ್ನು ಸೇರುತ್ತದೆ. ಅದರಲ್ಲಿ ಒಂದು ಪಾಲು ಇಡಿಯ ಕಾಯಾಗಿ ಹೋದರೆ, ಒಂದು ಪಾಲು ಪುಡಿಯಾಗಿಯೂ ಮತ್ತೊಂದು ಪಾಲು ಬಣ್ಣದ ಸತ್ತ್ವವಾಗಿಯೂ ಹೋಗುತ್ತದೆ.

ಪುಡಿ ಮಾಡುವುದು, ಪೊಟ್ಟಣ ಕಟ್ಟುವುದು, ಹಡಗಿಗೆ ಏರಿಸುವುದು ಕಾರ್ಖಾನೆಯವರ ಮತ್ತು ವರ್ತಕರ ಕೆಲಸ. ತಮ್ಮ ಹೊಣೆ ಪೇಟೆಯಲ್ಲಿ ಚೀಲ ತೂಗಿ ಹಣ ಎಣಿಸಿಕೊಂಡ ಕೂಡಲೇ ಮುಗಿಯಿತೆಂದು ಅನೇಕ ರೈತರು ಭಾವಿಸಿದ್ದಾರೆ. ಆದರೆ ಹೊರದೇಶದ ಬಂದರಿನಲ್ಲಿ ಪುಡಿ ತಿರಸ್ಕೃತವಾಗಲು ಕಾರಣವಾಗುವ ದೋಷಗಳಲ್ಲಿ ಮುಖ್ಯವಾದವು ಹೊಲದಲ್ಲಿ ಮತ್ತು ಒಣಗಿಸುವ ಕಣದಲ್ಲಿ ಹುಟ್ಟುತ್ತವೆ. ಮುಂದೆ ಯಾವ ಯಂತ್ರಕ್ಕೂ ಅವನ್ನು ಪೂರ್ತಿಯಾಗಿ ನೀಗಿಸಲು ಸಾಧ್ಯವಿಲ್ಲ. ಈ ಸಂಗತಿಯನ್ನು ವಿವರಿಸಿ, ರೈತರು ಕೈಗೊಳ್ಳಬಹುದಾದ ಕ್ರಮಗಳನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಾಯಿಗೊಂದು ಲೆಕ್ಕ, ಪುಡಿಗೊಂದು ಲೆಕ್ಕ

ಪ್ರಪಂಚದ ಸುಂಕದ ಪಟ್ಟಿಯಲ್ಲಿ ಪುಡಿ ಮಾಡದ ಒಣಮೆಣಸಿನಕಾಯಿಗೆ 090421 ಎಂಬ ಸಂಖ್ಯೆಯೂ, ಕುಟ್ಟಿದ ಅಥವಾ ಬೀಸಿದ ಮೆಣಸಿನಕಾಯಿಗೆ 090422 ಎಂಬ ಬೇರೆ ಸಂಖ್ಯೆಯೂ ಇದೆ. ಕರಿಮೆಣಸಿಗೂ ಇದೇ ರೀತಿ ಎರಡು ಲೆಕ್ಕ. ಹೀಗೆ ಬೇರ್ಪಡಿಸಿರುವುದಕ್ಕೆ ಅರ್ಥವಿದೆ. ಇಡಿಯ ಕಾಯನ್ನು ಕೊಳ್ಳುವವನು ಕೈಯಲ್ಲಿ ಹಿಡಿದು ನೋಡಬಹುದು, ತೊಟ್ಟು ಮುರಿದು ನೋಡಬಹುದು, ಬಿಳಿಗಾಯಿ ಎಷ್ಟಿದೆ, ಬೂಷ್ಟು ಹಿಡಿದದ್ದು ಎಷ್ಟಿದೆ ಎಂದು ಆರಿಸಿ ಎಣಿಸಬಹುದು. ಪುಡಿಯಲ್ಲಿ ಇದಾವುದಕ್ಕೂ ಅವಕಾಶವಿಲ್ಲ. ಒಳ್ಳೆಯ ಕಾಯಿ, ಕೆಟ್ಟ ಕಾಯಿ, ತೊಟ್ಟು, ಮಣ್ಣು ಎಲ್ಲವೂ ನುಣ್ಣಗಾಗಿ ಒಂದೇ ಬಣ್ಣ ತಳೆಯುತ್ತವೆ.

ಈ ಕಾರಣದಿಂದಲೇ ಬಹುಕಾಲ ಯುರೋಪು ಮತ್ತು ಅಮೆರಿಕದ ವರ್ತಕರು ಇಡಿಯ ಪದಾರ್ಥವನ್ನೇ ತರಿಸಿಕೊಂಡು ತಮ್ಮಲ್ಲಿ ಬೀಸಿಕೊಳ್ಳುತ್ತಿದ್ದರು. ಬೀಸಿದ ಮೇಲೆ ಗಾಳಿ ಬೆಳಕು ತಗಲಿ ಬಣ್ಣ ಮತ್ತು ಪರಿಮಳ ಬೇಗ ಇಳಿಯುವುದೂ ಇದಕ್ಕೆ ಇನ್ನೊಂದು ಕಾರಣ. ಬೀಸುವ ಕೆಲಸದ ಲಾಭವೂ ಆಗ ಅಲ್ಲಿಯೇ ಉಳಿಯುತ್ತಿತ್ತು. ಇಂದು ನಮ್ಮಲ್ಲಿಯೇ ಶುದ್ಧೀಕರಿಸಿ, ಬೀಸಿ, ಗಾಳಿಯಾಡದ ಪೊಟ್ಟಣಗಳಲ್ಲಿ ಕಳಿಸುವ ಕಾರ್ಖಾನೆಗಳು ಬೆಳೆದಿವೆ. ಲಾಭ ಇಲ್ಲಿ ಉಳಿಯುತ್ತದೆ, ನಿಜ. ಆದರೆ ಅದರ ಜೊತೆಗೆ ಪರೀಕ್ಷೆಯ ಭಾರವೂ ಇಲ್ಲಿಗೇ ಬಂದಿದೆ. ಕಣ್ಣಿನಿಂದ ನೋಡಿ ನಂಬಲಾಗದ ಪದಾರ್ಥವನ್ನು ಕೊಳ್ಳುವವನು ಪ್ರಯೋಗಶಾಲೆಯ ಅಂಕಿಯನ್ನು ಮಾತ್ರ ನಂಬುತ್ತಾನೆ.

ಬಣ್ಣ ಮತ್ತು ಖಾರವನ್ನು ಅಳೆಯುವ ಬಗೆ

ಮೆಣಸಿನ ಪುಡಿಯ ಬೆಲೆಯನ್ನು ನಿರ್ಧರಿಸುವ ಗುಣಗಳು ಮುಖ್ಯವಾಗಿ ಎರಡು. ಮೊದಲನೆಯದು ಬಣ್ಣ. ಅಮೆರಿಕದ ಸಾಂಬಾರ ಪದಾರ್ಥಗಳ ವ್ಯಾಪಾರಿ ಸಂಘವು (ಆಸ್ಟಾ) ಗೊತ್ತುಪಡಿಸಿದ ವಿಧಾನದಂತೆ ಪುಡಿಯ ಬಣ್ಣವನ್ನು ಅಸಿಟೋನ್ ದ್ರಾವಕದಲ್ಲಿ ಬಿಡಿಸಿ, ಅದು ಎಷ್ಟು ಬೆಳಕನ್ನು ಹೀರುತ್ತದೆಂದು ಉಪಕರಣದಲ್ಲಿ ಅಳೆಯುತ್ತಾರೆ. ಹೀಗೆ ದೊರೆತ ಅಂಕಿಗೆ ಆಸ್ಟಾ ಮೌಲ್ಯವೆಂದು ಹೆಸರು. ಒಳ್ಳೆಯ ಬ್ಯಾಡಗಿ ಕಾಯಿಯಲ್ಲಿ ಇದು 100ನ್ನು ಮೀರುತ್ತದೆ. ಉತ್ತಮ ಮಾಲಿನಲ್ಲಿ 150ನ್ನೂ ಮುಟ್ಟುತ್ತದೆ. ಎರಡನೆಯದು ಖಾರ. ಅಮೆರಿಕದ ವಿಜ್ಞಾನಿ ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ಮಾನದಿಂದ ಇದನ್ನು ಸೂಚಿಸುತ್ತಾರೆ. ಗುಂಟೂರಿನ ಸನ್ನಂ ಕಾಯಿ ಖಾರಕ್ಕೆ ಹೆಸರಾದರೆ, ನಮ್ಮ ಬ್ಯಾಡಗಿ ಡಬ್ಬಿ ಮತ್ತು ಬ್ಯಾಡಗಿ ಕಡ್ಡಿ ಹೆಚ್ಚು ಬಣ್ಣ ಹಾಗೂ ಕಡಿಮೆ ಖಾರಕ್ಕೆ ಹೆಸರಾಗಿವೆ. ಈ ಗುಣದಿಂದಾಗಿಯೇ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಬಣ್ಣ ತಳಿಯಿಂದ ಬರುತ್ತದೆಯಾದರೂ ಅದನ್ನು ಉಳಿಸಿಕೊಳ್ಳುವುದು ಬೆಳೆಗಾರನ ಕೈಯಲ್ಲಿದೆ. ಅರ್ಧ ಹಣ್ಣಾದ ಕಾಯಿ ಕಿತ್ತರೆ, ಒಣಗುವಾಗ ಮಳೆಗೆ ಅಥವಾ ಇಬ್ಬನಿಗೆ ಸಿಕ್ಕಿದರೆ, ಅತಿಯಾದ ಕಾವಿಗೆ ಒಡ್ಡಿದರೆ ಬಣ್ಣ ಮಾಸುತ್ತದೆ.

ಕೃತಕ ಬಣ್ಣ ಕಲಿಸಿದ ಪಾಠ

ಮಾಸಿದ ಬಣ್ಣವನ್ನು ಮರೆಮಾಚಲು ಹೊರಟವರಿಂದ ಇಡೀ ದೇಶದ ವ್ಯಾಪಾರಕ್ಕೆ ಒದಗಿದ ಆಪತ್ತನ್ನು ಇಲ್ಲಿ ನೆನೆಯಬೇಕು. ಸೂಡಾನ್ ಎಂಬುದು ಎಣ್ಣೆ, ಮೇಣ, ಪಾದರಕ್ಷೆಯ ಪಾಲಿಷ್ ಮುಂತಾದವುಗಳಿಗೆ ಬಳಸುವ ಕೆಂಪು ಬಣ್ಣ. ಇದನ್ನು ಆಹಾರಕ್ಕೆ ಸೇರಿಸಲು ಅನುಮತಿಯಿಲ್ಲ. 2003ರಲ್ಲಿ ಫ್ರಾನ್ಸ್ ದೇಶದ ಅಧಿಕಾರಿಗಳು ಭಾರತದಿಂದ ಬಂದ ಮೆಣಸಿನ ಪದಾರ್ಥಗಳಲ್ಲಿ ಸೂಡಾನ್-1 ಇರುವುದನ್ನು ಪತ್ತೆ ಮಾಡಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಯುರೋಪಿನ ಒಕ್ಕೂಟವು, ಈ ಬಣ್ಣ ಇಲ್ಲವೆಂಬ ಪರೀಕ್ಷಾ ವರದಿ ಇಲ್ಲದ ಮೆಣಸಿನಕಾಯಿ ಅಥವಾ ಪುಡಿ ಒಳಗೆ ಬರಕೂಡದೆಂದು ಆಜ್ಞೆ ಹೊರಡಿಸಿತು.

ಆಜ್ಞೆಗೆ ಮೊದಲೇ, 2002ರಲ್ಲಿ, ಬ್ರಿಟನ್ನಿಗೆ ಹೋಗಿದ್ದ ಪುಡಿಯ ಒಂದು ಪಾಲು ಅಲ್ಲಿ ಒಂದು ಬಗೆಯ ಸಾಸಿನ ತಯಾರಿಕೆಗೆ ಸೇರಿತ್ತು. ಆ ಸಾಸು ಇನ್ನೂ ಎಷ್ಟೋ ಸಿದ್ಧ ಆಹಾರಗಳಿಗೆ ಸೇರಿಹೋಗಿತ್ತು. 2005ರ ಫೆಬ್ರವರಿಯಲ್ಲಿ ಇದು ಬೆಳಕಿಗೆ ಬಂದಾಗ 400ಕ್ಕೂ ಹೆಚ್ಚು ಬಗೆಯ ಆಹಾರ ಪೊಟ್ಟಣಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಎಲ್ಲಿಯೋ ಕೆಲವರು ಬೆರೆಸಿದ ಬಣ್ಣಕ್ಕೆ, ಪ್ರಾಮಾಣಿಕವಾಗಿ ಬೆಳೆದವರ ಮಾಲೂ ಪರೀಕ್ಷೆಗೆ ಒಳಗಾಗಬೇಕಾಯಿತು. ಅಂದಿನಿಂದ ನಮ್ಮ ಸಾಂಬಾರ ಮಂಡಳಿಯು ರಫ್ತಾಗುವ ಮೆಣಸಿನಕಾಯಿ ಮತ್ತು ಅದರ ಪದಾರ್ಥಗಳನ್ನು ಕಡ್ಡಾಯ ಪರೀಕ್ಷೆಗೆ ಒಳಪಡಿಸಿದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯುಳ್ಳ ಈ ಮಂಡಳಿಯ ಪ್ರಯೋಗಶಾಲೆಗಳು ಕೊಚ್ಚಿಯಲ್ಲದೆ ಮುಂಬಯಿ, ಗುಂಟೂರು, ಚೆನ್ನೈ ಮುಂತಾದೆಡೆಗಳಲ್ಲೂ ಇವೆ.

ಕೃತಕ ಬಣ್ಣ ಬೆರೆಸುವುದು ಬೇಕೆಂದೇ ಮಾಡುವ ಅಪರಾಧ. ಅದನ್ನು ರೈತರು ಮಾಡುವುದಿಲ್ಲ. ಆದರೆ ಮುಂದೆ ಹೇಳುವ ದೋಷಗಳು ಯಾರ ದುರುದ್ದೇಶವೂ ಇಲ್ಲದೆ, ಅಜಾಗ್ರತೆಯಿಂದಲೇ ಉಂಟಾಗುತ್ತವೆ.

ಅಫ್ಲಾಟಾಕ್ಸಿನ್: ಕಾಣದ ವಿಷ

ಒಣಗುತ್ತಿರುವ ಕಾಯಿಯಲ್ಲಿ ತೇವ ಹೆಚ್ಚು ದಿನ ನಿಂತರೆ ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆಯುತ್ತದೆ. ಇದು ತನ್ನ ಬೆಳವಣಿಗೆಯ ಕಾಲದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷದ ಪರಿಚಯ ವಿಜ್ಞಾನಿಗಳಿಗೆ ಆಯಿತು. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಬೇನೆಯಿಂದ ಪ್ರಾಣ ಕಳೆದುಕೊಂಡರು. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ಸೇವಿಸಿದರೆ ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಆದುದರಿಂದ ಈ ನಿಯಮಗಳು ನಮ್ಮ ಮಾಲನ್ನು ತಡೆಯಲು ಹೂಡಿದ ನೆಪವೆಂದು ತಿಳಿಯುವುದು ತಪ್ಪು. ಅದೇ ಪುಡಿಯನ್ನು ನಮ್ಮ ಮನೆಯ ಮಕ್ಕಳೂ ಉಣ್ಣುತ್ತಾರೆ.

ಯುರೋಪಿನ ಒಕ್ಕೂಟದ ನಿಯಮದಂತೆ ಒಂದು ಕಿಲೋ ಮೆಣಸಿನಕಾಯಿ ಅಥವಾ ಪುಡಿಯಲ್ಲಿ ಅಫ್ಲಾಟಾಕ್ಸಿನ್ ಬಿ-1 ವಿಷವು 5 ಮೈಕ್ರೋಗ್ರಾಂ, ಎಲ್ಲ ಅಫ್ಲಾಟಾಕ್ಸಿನ್‌ಗಳೂ ಸೇರಿ 10 ಮೈಕ್ರೋಗ್ರಾಂ ಮೀರಬಾರದು. ಅಮೆರಿಕದಲ್ಲಿ ಒಟ್ಟು ಮಿತಿ 20 ಮೈಕ್ರೋಗ್ರಾಂ. ಹತ್ತು ಮೈಕ್ರೋಗ್ರಾಂ ಎಂದರೆ ಎಷ್ಟು? ನೂರು ಟನ್ ಪುಡಿಯಲ್ಲಿ ಒಂದು ಗ್ರಾಂ. 2010ರಿಂದ ಯುರೋಪಿನ ಬಂದರುಗಳಲ್ಲಿ ಭಾರತದ ಮೆಣಸಿನಕಾಯಿಯನ್ನು ಈ ವಿಷಕ್ಕಾಗಿ ಹೆಚ್ಚಿನ ತಪಾಸಣೆಗೆ ಒಳಪಡಿಸುವ ಕ್ರಮ ಜಾರಿಗೆ ಬಂತು.

ಇಲ್ಲಿ ಬೀಸುವುದರಿಂದ ಆಗುವ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕ್ವಿಂಟಾಲು ಮಾಲಿನಲ್ಲಿ 99 ಕಿಲೋ ಸಂಪೂರ್ಣ ಶುದ್ಧವಾಗಿದೆ, ಉಳಿದ ಒಂದು ಕಿಲೋ ಕಾಯಿ ಮಾತ್ರ ಬೂಷ್ಟು ಹಿಡಿದು ಅದರಲ್ಲಿ 1,000 ಮೈಕ್ರೋಗ್ರಾಂ ವಿಷವಿದೆ ಎಂದಿಟ್ಟುಕೊಳ್ಳೋಣ. ಇಡಿಯ ಕಾಯಾಗಿದ್ದಾಗ ಆ ಒಂದು ಕಿಲೋವನ್ನು ಆರಿಸಿ ಎಸೆದರೆ ಮುಗಿಯಿತು. ಆರಿಸದೆ ಬೀಸಿದರೆ ಆ ವಿಷ ನೂರು ಕಿಲೋಗೂ ಹಂಚಿಹೋಗಿ, ಪ್ರತಿ ಕಿಲೋವಿನಲ್ಲಿ 10 ಮೈಕ್ರೋಗ್ರಾಂ ಆಗುತ್ತದೆ. ಅಂದರೆ ಇಡೀ ಕ್ವಿಂಟಾಲು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಒಂದು ಕಿಲೋ ಎಸೆಯಲು ಹಿಂಜರಿದುದಕ್ಕೆ ನೂರು ಕಿಲೋ ಸಂಶಯಕ್ಕೆ ಗುರಿಯಾಗುತ್ತದೆ.

ಮೇಲಾಗಿ ಈ ವಿಷ ಕಾವಿಗೆ ಸುಲಭವಾಗಿ ನಾಶವಾಗುವುದಿಲ್ಲ. ಅಡಿಗೆಯ ಬೆಂಕಿಯಾಗಲಿ, ಕಾರ್ಖಾನೆಯ ಹಬೆಯಾಗಲಿ ಬೂಷ್ಟನ್ನು ಕೊಲ್ಲಬಹುದೇ ಹೊರತು, ಅದು ಆಗಲೇ ಬಿಟ್ಟುಹೋದ ವಿಷವನ್ನು ತೊಡೆದುಹಾಕಲಾರದು. ಆದುದರಿಂದ ಕಣದಲ್ಲಿ ವಿಷ ಹುಟ್ಟದಂತೆ ನೋಡಿಕೊಳ್ಳುವುದೊಂದೇ ಭದ್ರವಾದ ಮಾರ್ಗ.

ರೋಗಾಣುಗಳು ಮತ್ತು ಹೊಗೆಯೌಷಧ

ಒಣ ಪುಡಿಯಲ್ಲಿ ರೋಗಾಣುಗಳು ಬೆಳೆಯಲಾರವಾದರೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. 1993ರಲ್ಲಿ ಜರ್ಮನಿಯಲ್ಲಿ ಕೆಂಪು ಪಾಪ್ರಿಕಾ ಪುಡಿ ಉದುರಿಸಿದ ಆಲೂಗಡ್ಡೆ ಚಿಪ್ಸ್ ತಿಂದು ಸುಮಾರು ಒಂದು ಸಾವಿರ ಮಂದಿ, ಹೆಚ್ಚಾಗಿ ಮಕ್ಕಳು, ಸಾಲ್ಮೊನೆಲ್ಲಾ ರೋಗಾಣುವಿನಿಂದ ಕಾಯಿಲೆ ಬಿದ್ದರು. ಹಕ್ಕಿ, ಇಲಿ, ಹಲ್ಲಿ, ದನಕರುಗಳ ಮಲದಿಂದ ಈ ರೋಗಾಣು ಕಾಯಿಗೆ ಅಂಟುತ್ತದೆ. ಸಗಣಿಯಿಂದ ಸಾರಿಸಿದ ಕಣ ನಮ್ಮ ಹಿರಿಯರ ಪದ್ಧತಿ. ಧೂಳು ಏಳದಂತೆ ಮಾಡಲು ಅದು ಉತ್ತಮವೇ ಆದರೂ, ಬೇಯಿಸದೆಯೇ ತಿನ್ನುವ ತಿಂಡಿಗಳ ಮೇಲೆ ಉದುರಿಸುವ ಪುಡಿಗೆ ಅದು ಸಲ್ಲದು.

ರೋಗಾಣುಗಳನ್ನು ಕೊಲ್ಲಲು ಕಾರ್ಖಾನೆಗಳಲ್ಲಿ ಹಬೆಯನ್ನಾಗಲಿ ಎಥಿಲೀನ್ ಆಕ್ಸೈಡ್ ಎಂಬ ಅನಿಲವನ್ನಾಗಲಿ ಬಳಸುವುದುಂಟು. ಈ ಅನಿಲದ ವಿಷಯದಲ್ಲಿ ದೇಶದೇಶಗಳ ನಿಯಮ ಬೇರೆಬೇರೆ. ಅಮೆರಿಕ ಸಾಂಬಾರ ಪದಾರ್ಥಗಳಿಗೆ ಇದನ್ನು ಬಳಸಲು ಬಿಟ್ಟು, ಕಿಲೋಗೆ 7 ಮಿಲಿಗ್ರಾಂ ಉಳಿಕೆಯನ್ನು ಸಹಿಸುತ್ತದೆ. ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಯುರೋಪು ಇದರ ಬಳಕೆಯನ್ನು ನಿಷೇಧಿಸಿ, 0.1 ಮಿಲಿಗ್ರಾಮಿನ ಕಟ್ಟುನಿಟ್ಟಾದ ಮಿತಿ ಹಾಕಿದೆ. 2024ರ ಏಪ್ರಿಲ್ ತಿಂಗಳಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಅಧಿಕಾರಿಗಳು ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಈ ಅನಿಲದ ಉಳಿಕೆಯಿದೆಯೆಂದು ಅವನ್ನು ಮಾರಾಟದಿಂದ ಹಿಂದೆಗೆಸಿದರು. ಆ ಬಳಿಕ ಅಲ್ಲಿಗೆ ಹೋಗುವ ಮಾಲಿಗೆ ನಮ್ಮಲ್ಲಿಯೇ ಕಡ್ಡಾಯ ಪರೀಕ್ಷೆ ಬಂತು. ಕಣದಿಂದ ಬರುವ ಕಾಯಿ ಎಷ್ಟು ಕೊಳೆಯಾಗಿರುತ್ತದೆಯೋ ಅಷ್ಟೂ ಇಂತಹ ಉಪಾಯಗಳ ಅಗತ್ಯ ಹೆಚ್ಚುತ್ತದೆಂಬುದನ್ನು ನಾವು ಗಮನಿಸಬೇಕು.

ಒಣಗಿದರೆ ಔಷಧದ ಉಳಿಕೆಯೂ ದಟ್ಟವಾಗುತ್ತದೆ

ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಕಾಯಿಯಾಗುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಆದರೆ ಸಿಂಪಡಿಸಿದ ಔಷಧದ ಉಳಿಕೆಯಲ್ಲಿ ಬಹುಪಾಲು ಕಾಯಿಯಲ್ಲೇ ನಿಲ್ಲಬಹುದು. ಹಣ್ಣಿನಲ್ಲಿ ಕಿಲೋಗೆ ಅರ್ಧ ಮಿಲಿಗ್ರಾಂ ಇದ್ದದ್ದು ಒಣಗಿದ ಮೇಲೆ ಎರಡು ಮಿಲಿಗ್ರಾಂವರೆಗೂ ಏರಬಹುದು. ಯುರೋಪಿನ ಒಕ್ಕೂಟವು ಪ್ರತ್ಯೇಕ ಮಿತಿ ಗೊತ್ತುಪಡಿಸದ ಔಷಧಗಳಿಗೆ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ ಇಟ್ಟಿದೆ. 2021ರಿಂದ ಈಚೆಗೆ ದಕ್ಷಿಣದ ರಾಜ್ಯಗಳಲ್ಲಿ ಹೂವಿಗೆ ಮುತ್ತುವ ಹೊಸ ಥ್ರಿಪ್ಸ್ ನುಸಿಯ ಹಾವಳಿಗೆ ಹೆದರಿ, ಮೂರು ನಾಲ್ಕು ಔಷಧಗಳನ್ನು ಒಟ್ಟಿಗೆ ಬೆರೆಸಿ ಮತ್ತೆ ಮತ್ತೆ ಹೊಡೆಯುವ ರೂಢಿ ಕಾಣುತ್ತಿದೆ. ಇದರಿಂದ ನುಸಿಗೆ ನಿರೋಧ ಶಕ್ತಿ ಬೆಳೆಯುತ್ತದೆ, ಖರ್ಚು ಏರುತ್ತದೆ, ಪುಡಿಯೂ ತಿರಸ್ಕಾರಕ್ಕೆ ಈಡಾಗುತ್ತದೆ. ಶಿಫಾರಸು ಮಾಡಿದ ಔಷಧವನ್ನು ಶಿಫಾರಸು ಮಾಡಿದ ಪ್ರಮಾಣದಲ್ಲಿ ಮಾತ್ರ ಬಳಸಿ, ಕೊನೆಯ ಸಿಂಪರಣೆ ಮತ್ತು ಕೊಯ್ಲಿನ ನಡುವೆ ಚೀಟಿಯ ಮೇಲೆ ಹೇಳಿರುವಷ್ಟು ದಿನಗಳ ಅಂತರ ಬಿಡುವುದು ಅಗತ್ಯ.

ನೀರು ಚಿಮುಕಿಸುವುದರ ನಿಜವಾದ ಲೆಕ್ಕ

ಕಾಯಿ ಪುಡಿಯಾಗದಿರಲೆಂದೂ, ತೂಕ ಬರಲೆಂದೂ ಚೀಲ ತುಂಬುವ ಮೊದಲು ನೀರು ಚಿಮುಕಿಸುವ ರೂಢಿ ಕೆಲವೆಡೆ ಇದೆ. ಶೇಕಡ 10 ತೇವವಿರುವ ಒಂದು ಕ್ವಿಂಟಾಲು ಕಾಯಿಯಲ್ಲಿ 90 ಕಿಲೋ ಒಣ ಪದಾರ್ಥವಿರುತ್ತದೆ. ಅದರ ತೇವವನ್ನು ಶೇಕಡ 14ಕ್ಕೆ ಏರಿಸಿದರೆ ತೂಕ ಸುಮಾರು 104.7 ಕಿಲೋ ಆಗುತ್ತದೆ. ಅಂದರೆ ಸಿಗುವುದು ನಾಲ್ಕೂವರೆ ಕಿಲೋ ನೀರಿನ ಬೆಲೆ. ಆದರೆ ಶೇಕಡ 11ನ್ನು ಮೀರಿದ ತೇವ ಬೂಷ್ಟಿಗೆ ಹಾದಿ ಮಾಡಿಕೊಡುತ್ತದೆ. ಅನುಭವಿ ಖರೀದಿದಾರ ಕೈಯಲ್ಲಿ ಹಿಡಿದಾಗಲೇ ತೇವವನ್ನು ಗುರುತಿಸಿ, ನಾಲ್ಕೂವರೆ ಕಿಲೋಗಿಂತ ಹೆಚ್ಚನ್ನು ಬೆಲೆಯಲ್ಲಿ ಕಳೆಯುತ್ತಾನೆ. ಅವನು ಗುರುತಿಸದಿದ್ದರೆ ಆ ಚೀಲ ಉಗ್ರಾಣದಲ್ಲಿ ಬೂಷ್ಟು ಹಿಡಿದು ಪಕ್ಕದ ಚೀಲಗಳ ಮಾಲನ್ನೂ ಕೆಡಿಸುತ್ತದೆ. ಶೈತ್ಯಾಗಾರದಲ್ಲಿ ಇಟ್ಟರೂ, ಹೊರಗೆ ತೆಗೆದ ಬಳಿಕ ಈ ತೇವ ತನ್ನ ಕೆಲಸ ಮಾಡದೆ ಬಿಡುವುದಿಲ್ಲ.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು

1. ಗಿಡದಲ್ಲಿಯೇ ಪೂರ್ತಿ ಕೆಂಪಾಗಿ ಸ್ವಲ್ಪ ಬಾಡಿದ ಹಣ್ಣುಗಳನ್ನು ಮಾತ್ರ ಕೀಳಬೇಕು. ಇಬ್ಬನಿ ಆರಿದ ಮೇಲೆ ಕೊಯ್ಲು ಆರಂಭಿಸಬೇಕು.

2. ಕೊಳೆತ, ಹುಳು ಕೊರೆದ, ನೆಲಕ್ಕೆ ಬಿದ್ದ ಹಣ್ಣುಗಳನ್ನು ಒಳ್ಳೆಯ ಹಣ್ಣಿನ ರಾಶಿಗೆ ಸೇರಿಸಬಾರದು. ಕಾಯಿ ಕೊಳೆ ರೋಗ ತಗಲಿದ ಹಣ್ಣಿನಲ್ಲಿ ಬೂಷ್ಟು ಬೇಗ ನೆಲೆಯೂರುತ್ತದೆ.

3. ಕಿತ್ತ ಹಣ್ಣನ್ನು ದಿನಗಟ್ಟಲೆ ರಾಶಿ ಹಾಕಿ ಬಿಡಬಾರದು. ರಾಶಿಯೊಳಗಿನ ಕಾವು ಮತ್ತು ತೇವ ಬೂಷ್ಟಿಗೆ ಬಲು ಅನುಕೂಲ.

4. ಬರಿಯ ನೆಲದ ಮೇಲೆ ಒಣಗಿಸದೆ ಸಿಮೆಂಟಿನ ಕಣದಲ್ಲಿ ಅಥವಾ ಶುಭ್ರವಾದ ತಾಡಪತ್ರಿಯ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ಹರವಬೇಕು. ದಿನಕ್ಕೆ ಹಲವು ಬಾರಿ ತಿರುವಿ ಹಾಕಬೇಕು.

5. ಸಂಜೆ ಒಗ್ಗೂಡಿಸಿ ಮುಚ್ಚಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಮತ್ತೆ ಹರವಬೇಕು. ಅಕಾಲದ ಮಳೆಗೆ ಹೊದಿಕೆ ಸದಾ ಕಣದ ಬಳಿ ಸಿದ್ಧವಿರಬೇಕು.

6. ನಾಯಿ, ಕೋಳಿ, ದನಕರುಗಳು ಕಣಕ್ಕೆ ಬರದಂತೆ ಬೇಲಿ ಕಟ್ಟಬೇಕು. ಚಪ್ಪಲಿ ಮೆಟ್ಟಿ ಕಾಯಿಯ ಮೇಲೆ ಓಡಾಡಬಾರದು.

7. ಅನುಕೂಲವಿದ್ದವರು ಕೆಲವರು ಸೇರಿ ಸೂರ್ಯಶಾಖದ ಒಣಗೂಡನ್ನು ಕಟ್ಟಿಕೊಳ್ಳಬಹುದು. ಇದರಿಂದ ಒಣಗುವ ದಿನಗಳು ಕಡಿಮೆಯಾಗುತ್ತವೆ, ಧೂಳೂ ಬೀಳುವುದಿಲ್ಲ. ಒಳಗಿನ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟದಂತೆ ಗಾಳಿಗಂಡಿಗಳನ್ನು ತೆರೆಯಬೇಕು.

8. ಅಲ್ಲಾಡಿಸಿದಾಗ ಬೀಜದ ಸದ್ದು ಚೆನ್ನಾಗಿ ಕೇಳಿಸುವವರೆಗೆ ಒಣಗಿಸಬೇಕು. ಸಾಧ್ಯವಿದ್ದಲ್ಲಿ ತೇವಮಾಪಕದಿಂದ ನೋಡಿ ಶೇಕಡ 10ಕ್ಕೆ ಇಳಿದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

9. ಬಿಳಿಗಾಯಿ ಮತ್ತು ಬೂಷ್ಟು ಹಿಡಿದ ಕಾಯನ್ನು ಆರಿಸಿ ಸುಟ್ಟುಹಾಕಬೇಕು. ಅದನ್ನು ಅಗ್ಗದ ಬೆಲೆಗೆ ಮಾರಿದರೆ ಅದೂ ಒಂದು ದಿನ ಪುಡಿಯಾಗಿ ಯಾರದೋ ತಟ್ಟೆಗೆ ಬರುತ್ತದೆ.

10. ಗೊಬ್ಬರದ ಅಥವಾ ಔಷಧದ ಹಳೆಯ ಚೀಲಗಳನ್ನು ಎಂದಿಗೂ ಬಳಸಬಾರದು. ಹೊಸ ಗೋಣಿಚೀಲಗಳಲ್ಲಿ ತುಂಬಿ, ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದಡಿ ದೂರ ಬಿಟ್ಟು ಜೋಡಿಸಬೇಕು.

ಕಷ್ಟಕ್ಕೆ ತಕ್ಕ ಬೆಲೆ ದೊರೆಯುವುದೇ?

ಇಷ್ಟೆಲ್ಲ ಮಾಡಿದರೂ ಪೇಟೆಯಲ್ಲಿ ತಮ್ಮ ಚೀಲಕ್ಕೂ ನೆರೆಯವನ ಚೀಲಕ್ಕೂ ಬೆಲೆಯಲ್ಲಿ ಭೇದವಿಲ್ಲವೆಂದು ರೈತರು ಹೇಳುವುದುಂಟು. ಇದರಲ್ಲಿ ಸತ್ಯವಿದೆ. ಟೆಂಡರಿನಲ್ಲಿ ಬಣ್ಣ, ಗಾತ್ರ, ಸುಕ್ಕು ಕಣ್ಣಿಗೆ ಕಾಣುತ್ತವೆ. ವಿಷ ಇಲ್ಲವೆಂಬ ಗುಣ ಕಾಣುವುದಿಲ್ಲ. ಹತ್ತಾರು ರೈತರ ಮಾಲು ಒಂದೇ ಗಿರಣಿಯಲ್ಲಿ ಬೆರೆತಾಗ ಜಾಗರೂಕನಾದವನ ಶ್ರಮ ಅಜಾಗರೂಕನ ಮಾಲಿನಲ್ಲಿ ಕರಗಿಹೋಗುತ್ತದೆ. ಒಬ್ಬನೇ ರೈತ ಹತ್ತು ಚೀಲಕ್ಕೆ ಪ್ರಯೋಗಶಾಲೆಯ ಪರೀಕ್ಷೆ ಮಾಡಿಸುವುದೂ ಲಾಭಕರವಲ್ಲ.

ಆದುದರಿಂದ ಒಂದೇ ಊರಿನ, ಒಂದೇ ತಳಿ ಬೆಳೆಯುವ ರೈತರು ಗುಂಪಾಗಿ ಅಥವಾ ರೈತ ಉತ್ಪಾದಕರ ಸಂಸ್ಥೆಯ ಮೂಲಕ ಒಂದೇ ಬಗೆಯ ಕಣ ಪದ್ಧತಿಯನ್ನು ಅನುಸರಿಸಿ, ಮಾಲನ್ನು ಬೆರೆಯಗೊಡದೆ ಬೇರೆಯಾಗಿ ಇಡುವುದು ಸೂಕ್ತ. ಪ್ರತಿ ಚೀಲಕ್ಕೆ ಊರು, ತಳಿ, ಕೊಯ್ಲಿನ ದಿನಾಂಕಗಳನ್ನು ಬರೆದ ಚೀಟಿ ಹೊಲಿದು, ಸಿಂಪಡಿಸಿದ ಔಷಧಗಳ ಲೆಕ್ಕವನ್ನು ಪುಸ್ತಕದಲ್ಲಿಟ್ಟು, ಇಡೀ ರಾಶಿಗೆ ಒಂದು ಪರೀಕ್ಷೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಪರೀಕ್ಷೆಗೆ ಮಾದರಿಯನ್ನು ಒಂದೇ ಚೀಲದಿಂದ ತೆಗೆಯದೆ ಹಲವು ಚೀಲಗಳ ಮೇಲ್ಭಾಗ, ನಡುಭಾಗ, ತಳಭಾಗಗಳಿಂದ ತೆಗೆದು ಬೆರೆಸಬೇಕು. ಏಕೆಂದರೆ ಬೂಷ್ಟು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಅಂತಹ ವರದಿ ಕೈಯಲ್ಲಿದ್ದಾಗ ರಫ್ತು ಮಾಡುವ ಕಾರ್ಖಾನೆಯೊಡನೆ ನೇರವಾಗಿ ಬೆಲೆ ಮಾತನಾಡಲು ರೈತರಿಗೆ ಒಂದು ಆಧಾರ ದೊರೆಯುತ್ತದೆ.

ಪುಡಿಯ ಪೊಟ್ಟಣದ ಮೇಲೆ ಕಾರ್ಖಾನೆಯ ಹೆಸರಿರುತ್ತದೆ, ರೈತನ ಹೆಸರಿರುವುದಿಲ್ಲ. ಆದರೂ ಆ ಪೊಟ್ಟಣದ ಗುಣವನ್ನು ನಿರ್ಧರಿಸುವವನು ಬೆಳೆದು ಒಣಗಿಸಿದ ರೈತನೇ. ಈ ಸುಗ್ಗಿಯಲ್ಲಿ ಕಣ ಹಾಕುವ ಮೊದಲು ರೈತ ಬಾಂಧವರು ಮೇಲಿನ ಕ್ರಮಗಳನ್ನು ಮನೆಯವರೊಡನೆಯೂ, ಕೊಯ್ಲಿಗೆ ಬರುವ ಆಳುಗಳೊಡನೆಯೂ ಒಮ್ಮೆ ಚರ್ಚಿಸಬೇಕು. ತೇವಮಾಪಕ, ಒಣಗೂಡಿನ ನಕ್ಷೆ ಮತ್ತು ಮಾದರಿ ಪರೀಕ್ಷೆಯ ಬಗ್ಗೆ ಹೆಚ್ಚಿನ ವಿವರಗಳಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು.